ದಾವಣಗೆರೆಯಿಂದ ತುಂಗಭದ್ರೆ ಕಡೆಗೆ ರೋಡ್ ಬೈಕ್: ಹರಿಹರ, ಉಕ್ಕಡಗಾತ್ರಿ, ಹೊನ್ನಾಳಿ ದಾರಿ ಹೇಗಿದೆ?

ಹಳೇಪೇಟೆ_ಪೆಡಲ್:
ಎಲ್ರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ಭಾನುವಾರ ನಾವು ಮೂವರು ದಾವಣಗೆರೆಯಿಂದ ಹೊರಟು ಮಧ್ಯಾಹ್ನದೊಳಗೆ ವಾಪಸ್ ಬರಬೇಕು ಅಂತ ಲೆಕ್ಕ. ದೂರ 100ರಿಂದ 110 ಕಿ.ಮೀ. ಹರಿಹರ, ಮಲೇಬೆನ್ನೂರು, ಹೊನ್ನಾಳಿ, ನಡುವೆ ಉಕ್ಕಡಗಾತ್ರಿಗೂ ಒಂದು ತಿರುವು. ಹೊಳೆ ನೋಡ್ಕೊಂಡು ಹೋಗಬೇಕು ಅನ್ನೋದೇ ಮುಖ್ಯ ಆಸೆ. ಎರಡು ಸೈಕಲ್ಲಿಗೆ 700×25 ಟೈರ್ (25 ಮಿ.ಮೀ. ಅಗಲ), ಒಂದಕ್ಕೆ 700×32. ಎಷ್ಟು ಗಂಟೆಗೆ ಹೊರಡೋದು, ಹೆದ್ದಾರಿ ಹಿಡಿಯೋದೋ ಹಳೆ ರಸ್ತೆಯೋ, ಟೈರಿಗೆ ಗಾಳಿ ಎಷ್ಟು, ದಾರಿಯಲ್ಲಿ ಏನು ಕೈಕೊಡುತ್ತೆ, ಗೊತ್ತಿದ್ದವರು ಹೇಳಿ.

ಹೊಳೆಸಾಲು:
ಮೊದಲು ಒಂದು ಮಾತು, ಆಮೇಲೆ ಬೇಜಾರಾಗೋದು ಬೇಡ. ಹರಿಹರ–ಹೊನ್ನಾಳಿ ರಸ್ತೆ ಹೊಳೆ ಪಕ್ಕದ ರಸ್ತೆ ಅಲ್ಲ. ನಕಾಶೆಯಲ್ಲಿ ಹೊಳೆಗೆ ಅಂಟಿಕೊಂಡಂಗೆ ಕಾಣುತ್ತೆ, ಆದರೆ ನಡುವೆ ಉದ್ದಕ್ಕೂ ಭದ್ರಾ ಕಾಲುವೆ ನೀರಿನ ಗದ್ದೆ, ಅಡಿಕೆ ತೋಟ. ನೆರೆಗೆ ಹೆದರಿ ದೊಡ್ಡ ರಸ್ತೆ ಯಾವತ್ತೂ ದಂಡೆಯಿಂದ ದೂರವೇ. ಹೊಳೆ ಕಣ್ತುಂಬ ಸಿಗೋದು ಮೂರು ಕಡೆ: ಹರಿಹರದ ಸೇತುವೆ, ಉಕ್ಕಡಗಾತ್ರಿಯ ದಂಡೆ, ಹೊನ್ನಾಳಿಯ ಸೇತುವೆ.

ದೂರದ ಲೆಕ್ಕ ಹೀಗೆ: ದಾವಣಗೆರೆಯಿಂದ ಹರಿಹರಕ್ಕೆ 14 ಕಿ.ಮೀ., ಅಲ್ಲಿಂದ ಹೊನ್ನಾಳಿಗೆ ಸುಮಾರು 40. ಹೋಗಿ ಬಂದರೆ ಅಲ್ಲಿಗೆ ನಿಮ್ಮ 110 ಮುಗೀತು. ಉಕ್ಕಡಗಾತ್ರಿ ಸೇರಿಸಿದರೆ ಇನ್ನೂ 20ಕ್ಕೂ ಮೇಲೆ. ಆದ್ದರಿಂದ ಎರಡರಲ್ಲಿ ಒಂದು ಆರಿಸಿಕೊಳ್ಳಿ. ಹೊಳೆಯೇ ಮುಖ್ಯ ಅಂದರೆ ಉಕ್ಕಡಗಾತ್ರಿ, ನಿಲ್ಲದೆ ಪೆಡಲ್ ತುಳಿಯೋದು ಮುಖ್ಯ ಅಂದರೆ ಹೊನ್ನಾಳಿ. ಉಕ್ಕಡಗಾತ್ರಿ ಆದರೆ ಮೊದಲು ಪಂಚಾಂಗ ನೋಡಿ. ಅಮಾವಾಸ್ಯೆಗೆ ಕರಿಬಸವೇಶ್ವರನ ಗದ್ದುಗೆಗೆ ಬರೋ ಜನ, ಟ್ರ್ಯಾಕ್ಟರ್, ಟೆಂಪೋಗಳ ನಡುವೆ ಸೈಕಲ್ ತಳ್ಳಿಕೊಂಡೇ ಹೋಗಬೇಕು. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ಫತ್ಯಾಪುರದ ಕಡೆಯ ರಸ್ತೆ ಮುಳುಗುತ್ತೆ. ಡಿಸೆಂಬರಿಗೆ ಆ ಚಿಂತೆ ಇಲ್ಲ.

ಹರಿಹರದವರೆಗೆ ದೊಡ್ಡಬಾತಿ ಮೇಲಿನ ಹಳೆ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆ ಹಿಡೀರಿ. ಹೆದ್ದಾರಿ ನುಣುಪಾಗಿದೆ ನಿಜ, ಆದರೆ ಅಂಚಿನಲ್ಲಿ ಲಾರಿ ಟೈರ್ ಸಿಡಿದು ಬಿದ್ದ ತಂತಿ ಚೂರುಗಳು ಇರ್ತವೆ. ಕೂದಲೆಳೆಯಂಥ ಆ ಉಕ್ಕಿನ ತಂತಿ ಟೈರಿನೊಳಗೆ ಹೊಕ್ಕರೆ ಕಣ್ಣಿಗೂ ಕಾಣಲ್ಲ, ಕೈಗೂ ಸಿಗಲ್ಲ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಹರಿಹರ ಅದಕ್ಕಿಂತ ತಗ್ಗು. ಹೋಗುವಾಗ ಗೊತ್ತಾಗದಂಗೆ ಇಳಿಜಾರು ಸಿಗುತ್ತೆ, ಅದೇ ಖುಷಿಯಲ್ಲಿ ಮೊದಲ ಗಂಟೆಯೇ ಕಾಲು ಸುಟ್ಟುಕೊಳ್ಳಬೇಡಿ. ಆ ಸಾಲ ತೀರಿಸಬೇಕಾದ್ದು ಕೊನೆಯ 14 ಕಿ.ಮೀ.ನಲ್ಲಿ, ಎದುರುಗಾಳಿಯ ಬಡ್ಡಿ ಸಮೇತ.

ಗಾಳಿಯ ಮಾತು ಬಿಡಿಸಿ ಹೇಳ್ತೀನಿ, ಈ ದಾರಿಯಲ್ಲಿ ಏರಿಗಿಂತ ಹೆಚ್ಚು ಕಾಡೋದು ಅದೇ. ನೀವು ಹೋಗೋ ದಿಕ್ಕು ಪಶ್ಚಿಮ, ಹರಿಹರ ದಾಟಿದ ಮೇಲೆ ನೈಋತ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಆ ಕಡೆಯಿಂದಲೇ ಬೀಸುತ್ತೆ, ಹೋಗುವಾಗ ಒದ್ದಾಟ, ಬರುವಾಗ ಹಾಯಿ ಕಟ್ಟಿದಂಗೆ. ಡಿಸೆಂಬರ್‌ನಲ್ಲಿ ಇದು ಉಲ್ಟಾ. ಮೂಡಗಾಳಿ ಹೋಗುವಾಗ ಬೆನ್ನಿಗೆ ಇರುತ್ತೆ, ಬಿಸಿಲೇರಿ ವಾಪಸ್ ಹೊರಟಾಗ ಮುಖಕ್ಕೆ ಬಡಿಯುತ್ತೆ. ಹೊನ್ನಾಳಿ ಹೊಡೆತ ಅಂತಾರಲ್ಲ, ಸೈಕಲ್‌ನವರಿಗೆ ಅದರ ಅರ್ಥ ಇದೇ ಇರಬೇಕು. ಮೂವರಿದ್ದೀರಿ, ಐದೈದು ನಿಮಿಷಕ್ಕೆ ಮುಂದಿನವರನ್ನ ಬದಲಾಯಿಸಿಕೊಳ್ಳಿ.

ಡಿಸೆಂಬರ್‌ನಲ್ಲಿ ಸೂರ್ಯ ಏಳೋದು 6.40ರ ಆಸುಪಾಸು. 5.30ಕ್ಕೆ ಹೊರಟರೆ ಹರಿಹರದ ಊರು ಎಚ್ಚರಾಗೋ ಹೊತ್ತಿಗೆ ದಾಟಿರ್ತೀರಿ. ಹಿಂದಿನ ಕೆಂಪು ದೀಪ ಎಂಟು ಗಂಟೆವರೆಗೆ ಆರಿಸಬೇಡಿ. ಬಿಸಿಲು ನಿಮ್ಮ ಬೆನ್ನಿಗಿರುತ್ತೆ, ಎದುರಿಂದ ಬರೋ ಡ್ರೈವರ್‌ಗೆ ಕಣ್ಣಿಗೇ ಹೊಡೆಯುತ್ತೆ. ಮುಂದಿನ ಗಾಡಿ ಹಿಂದೆ ಹಾಕಲು ಬಲಕ್ಕೆ ಬಂದವನಿಗೆ ನೀವು ಕಾಣಿಸಲ್ಲ, ಹಾಗಾಗಿ ಮುಂದಿನ ಬಿಳಿ ದೀಪವೂ ಮಿನುಗ್ತಾ ಇರಲಿ.

ಮುಳ್ಳುಪಂಕ್ಚರ್:
ಟೈರಿನ ಮಾತು ನನಗಿರಲಿ. 70 ಕಿಲೋ ತೂಕದವರಿಗೆ 25ರ ಟೈರಿಗೆ ಗಾಳಿ ಒತ್ತಡ ಹಿಂದೆ 90, ಮುಂದೆ 85 ಪಿಎಸ್‌ಐ. 32ಕ್ಕೆ ಹಿಂದೆ 60, ಮುಂದೆ 55. ಟೈರ್ ಬದಿಯಲ್ಲಿ 120 ಅಂತ ಬರೆದಿದೆ ಅಂತ ಅಷ್ಟೂ ತುಂಬಿಸೋದು ದಡ್ಡತನ. ಜಲ್ಲಿ ಎದ್ದ ರಸ್ತೆಯಲ್ಲಿ ಚಕ್ರ ಕುಣಿಯುತ್ತೆ, ವೇಗವೂ ಹೋಗುತ್ತೆ, ಅಂಗೈಯೂ ಜೋಮು ಹಿಡಿಯುತ್ತೆ. ತೀರಾ ಕಡಿಮೆ ಮಾಡಿದರೆ ಊರ ಮುಂದಿನ ಬಣ್ಣ ಬಳಿಯದ ಹಂಪ್‌ಗೆ ರಿಮ್ ತಾಗಿ ಟ್ಯೂಬಿಗೆ ಹಾವು ಕಚ್ಚಿದಂಗೆ ಎರಡು ತೂತು.

ಈ ಭಾಗದ ನಿಜವಾದ ಶತ್ರು ಎರಡು: ಬಳ್ಳಾರಿ ಜಾಲಿ ಮತ್ತು ನೆಗ್ಗಿಲು. ಜಾಲಿ ಮುಳ್ಳು ಉದ್ದ, ಕಾಣುತ್ತೆ. ನೆಗ್ಗಿಲು ಕಾಣಲ್ಲ. ಮಳೆ ಮುಗಿದು ಬಳ್ಳಿ ಒಣಗಿದ ಮೇಲೆ ಕಾಯಿ ರಸ್ತೆ ಬದಿ ಮಣ್ಣಲ್ಲಿ ಉದುರಿ ಬಿದ್ದಿರುತ್ತೆ, ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖ. ನೀರು ಕುಡಿಯಲು ನಿಂತಾಗ ಸೈಕಲ್ ಡಾಂಬರಿನ ಮೇಲೇ ಇರಲಿ ಅಥವಾ ಎತ್ತಿಕೊಂಡು ಇಳೀರಿ. ಹೆಚ್ಚಿನ ಪಂಕ್ಚರ್ ಓಡಿಸುವಾಗ ಆಗಲ್ಲ, ನಿಲ್ಲಿಸಿದಾಗಲೇ ಆಗುತ್ತೆ.

ಪಂಕ್ಚರ್ ಆದರೆ ಟ್ಯೂಬ್ ಬದಲಿಸಿ ಹೊರಡೋ ಅವಸರ ಬೇಡ. ಟೈರಿನ ಒಳಮೈಯನ್ನ ಹತ್ತಿ ಉಂಡೆಯಿಂದ ಪೂರ್ತಿ ಒಂದು ಸುತ್ತು ಒರೆಸಿ. ಮುರಿದ ಮುಳ್ಳಿನ ತುದಿ ಇದ್ದರೆ ಹತ್ತಿ ಎಳೆ ಸಿಕ್ಕಿಕೊಳ್ಳುತ್ತೆ. ಅದನ್ನ ಚಿಮಟದಿಂದ ತೆಗೆಯದಿದ್ದರೆ ಎರಡನೇ ಟ್ಯೂಬೂ ಎರಡೇ ಕಿ.ಮೀ.ಗೆ ಹೋಯ್ತು. ಪ್ಯಾಚ್ ಹಾಕೋದಾದರೆ ಚೆನ್ನಾಗಿ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, ಐದು ನಿಮಿಷ ಒಣಗಲು ಬಿಡಿ. ಹಸಿ ಇರುವಾಗಲೇ ಅಂಟಿಸಿದ ಪ್ಯಾಚ್ ಬಿಸಿಲಿಗೆ ಜಾರಿ ಬರುತ್ತೆ.

ತಲಾ ಎರಡು ಟ್ಯೂಬ್, ಮೂವರಿಗೂ ಸೇರಿ ಎರಡು ಕೈಪಂಪ್ ಇರಲಿ. ದಾರಿ ಮೇಲಿನ ಸೈಕಲ್ ಅಂಗಡಿಯಲ್ಲಿ ಹಳೆ ಹೀರೋ, ಅಟ್ಲಾಸ್ ಟ್ಯೂಬ್ ಸಿಗಬಹುದು, ಅದರ ವಾಲ್ವ್ ದಪ್ಪ. ನಿಮ್ಮ ಪ್ರೆಸ್ಟಾ (ತೆಳು ವಾಲ್ವ್) ರಿಮ್‌ನ ತೂತು 6.5 ಮಿ.ಮೀ., ಅದು ತೂರಲ್ಲ. ಪ್ರೆಸ್ಟಾಕ್ಕೆ ಹಾಕೋ ಹಿತ್ತಾಳೆ ಅಡಾಪ್ಟರ್ ಒಂದು ಜೇಬಲ್ಲಿ ಇಟ್ಟುಕೊಳ್ಳಿ, ಮೋಟಾರ್ ಬೈಕ್ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಉಪಯೋಗಕ್ಕೆ ಬರುತ್ತೆ. ಆದರೆ ಅಂಗಡಿಯವರ ಕೈಗೆ ಬಿಟ್ಟು ಆಚೆ ನೋಡಬೇಡಿ. ಸಣ್ಣ ಟ್ಯೂಬಿಗೆ ಗಾಳಿ ಹಿಡಿಯೋ ಜಾಗ ಕಡಿಮೆ, ಕಣ್ಣು ಮಿಟುಕಿಸೋದರಲ್ಲಿ ಢಂ ಅನ್ನುತ್ತೆ.

ಹಳೇಪೇಟೆ_ಪೆಡಲ್:
ಹೊಳೆಸಾಲು ಅಣ್ಣ, ಹಾಗಾದರೆ ಹೊನ್ನಾಳಿಯೇ ಇರಲಿ. ಡಿಸೆಂಬರ್‌ನಲ್ಲಿ ರಸ್ತೆ ಮೇಲೆ ಒಕ್ಕಣೆ ಇರುತ್ತಾ? ತಿಂಡಿಗೆ ಎಲ್ಲಿ ನಿಲ್ಲೋದು?

ಹೊಳೆಸಾಲು:
ಇರುತ್ತೆ. ಮೆಕ್ಕೆಜೋಳ, ಭತ್ತ ಅರ್ಧ ರಸ್ತೆಗೆ ಹರವಿರ್ತಾರೆ, ಅಂಚಿಗೆ ಕಲ್ಲು ಸಾಲು. ಕಾಳಿನ ಮೇಲೆ ಸೈಕಲ್ ಹತ್ತಿಸಿದರೆ ಗೋಲಿ ಮೇಲೆ ಕಾಲಿಟ್ಟಂಗೆ. ಎದುರಿಗೆ ಗಾಡಿ ಬಂದು ಹತ್ತಲೇಬೇಕಾದರೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೇರ ದಾಟಿ. ರಾಗಿ, ಹುರುಳಿ ಸೊಪ್ಪು ಹರವಿದ್ದರೆ ಇಳಿದು ತಳ್ಳೋದೇ ಕ್ಷೇಮ, ನಾರು ಹಿಂದಿನ ಗೇರಿಗೆ ಸುತ್ತಿಕೊಂಡರೆ ಡಿರೈಲರ್ (ಗೇರ್ ಬದಲಿಸೋ ಭಾಗ) ಕಿತ್ತುಬರುತ್ತೆ. ಜನವರಿ ಕಳೆದು ಬೇಸಿಗೆ ಭತ್ತದ ನಾಟಿ ಶುರುವಾದರೆ ಇನ್ನೊಂದು ತಾಪತ್ರಯ. ಕೇಜ್ ವೀಲ್ (ಕಬ್ಬಿಣದ ಪಂಜರದ ಚಕ್ರ) ಟ್ರ್ಯಾಕ್ಟರ್ ಗದ್ದೆಯಿಂದ ಹತ್ತಿದ ಕಡೆ ಕೆಸರು, ಡಾಂಬರಿನ ಮೇಲೆ ಕಚ್ಚು.

ಹರಿಹರದಲ್ಲಿ ಹೋಗುವಾಗ ನಿಲ್ಲಬೇಡಿ, ಬರುವಾಗ ನಿಲ್ಲಿ. ತಿಂಡಿ ಮಲೇಬೆನ್ನೂರಲ್ಲಿ, ಇಡ್ಲಿ ಸಾಕು. ಬೆಣ್ಣೆದೋಸೆ, ಮಿರ್ಚಿ, ಖಾರ ಮಂಡಕ್ಕಿ ಎಲ್ಲ ಮನೆ ಮುಟ್ಟಿದ ಮೇಲೆ. ಎಣ್ಣೆ, ಬೆಣ್ಣೆ ಹೊಟ್ಟೆಯಲ್ಲಿಟ್ಟುಕೊಂಡು ಎದುರುಗಾಳಿ ತುಳಿಯೋದು ಶಿಕ್ಷೆ. ನೀರು ಗಂಟೆಗೆ ಅರ್ಧ ಲೀಟರ್, ಹತ್ತು ಗಂಟೆ ಮೇಲೆ ಮುಕ್ಕಾಲು. ಒಂದು ಬಾಟಲಿಗೆ ಓಆರ್‌ಎಸ್, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ. ಗಟ್ಟಿ ಮಾಡಿದರೆ ಹೊಟ್ಟೆ ತೊಳಸುತ್ತೆ.

ವಾಪಸ್ ಬರುವಾಗ ಹರಿಹರೇಶ್ವರ ಗುಡಿ ನೋಡಿ, 1224ರ ಹೊಯ್ಸಳರ ಕೆಲಸ, ಮೂರ್ತಿಯಲ್ಲಿ ಅರ್ಧ ಹರಿ ಅರ್ಧ ಹರ. ಆಮೇಲೆ ಸೇತುವೆ ಮೇಲೆ ಆಚೆ ದಡ ಮುಟ್ಟಿ ಬನ್ನಿ. ಅಲ್ಲಿ ಕುಮಾರಪಟ್ಟಣ, ಹಾವೇರಿ ಜಿಲ್ಲೆ. 1956ರ ನವೆಂಬರ್ 1ರವರೆಗೆ ಈ ದಡ ಮೈಸೂರು, ಆ ದಡ ಮುಂಬಯಿ ರಾಜ್ಯ. ಈಗ ಬದಲಾಗೋದು ಮಾತಿನ ಧಾಟಿ ಅಷ್ಟೇ.

ಕಲ್ಲುಕೋಟೆ_ಗೇರ್:
ಹೊಳೆ ಬಿಟ್ಟು ಏರಿಳಿತ ಬೇಕು ಅನ್ನೋರಿಗೆ: ದಾವಣಗೆರೆ, ಹದಡಿ, ತ್ಯಾವಣಿಗೆ, ಸೂಳೆಕೆರೆ. ಒಂದು ಕಡೆಗೆ 40 ಕಿ.ಮೀ.ಗೆ ತುಸು ಮೇಲೆ. ಹರಿಹರದಲ್ಲಿ ತುಂಗಭದ್ರೆಗೆ ಸೇರೋ ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡದ ನಡುವೆ ಏರಿ ಕಟ್ಟಿದ್ದೇ ಈ ಕೆರೆ. ಕಬ್ಬು ನುರಿಸೋ ಕಾಲದಲ್ಲಿ ಮಾತ್ರ ಮುಂಜಾನೆ ಕತ್ತಲಲ್ಲಿ ಈ ಕಡೆ ಬರಬೇಡಿ. ಜೋಡಿ ಟ್ರೈಲರ್‌ಗೆ ಹಿಂದೆ ದೀಪ ಇರಲ್ಲ, ಕಬ್ಬು ಎರಡೂ ಬದಿಗೆ ಚಾಚಿರುತ್ತೆ.

ಚಿತ್ರದುರ್ಗದಿಂದ ಹೊರಡೋರು ಹೊಳಲ್ಕೆರೆ ರಸ್ತೆ ನೋಡಿ. ಪೆಡಲ್ ಬಳಿ 34 ಹಲ್ಲಿನ ಸಣ್ಣ ಗೇರ್ ಚಕ್ರ, ಹಿಂದೆ 32 ಹಲ್ಲು ಇದ್ದರೆ ಕೂತೇ ಏರಬಹುದು. ಹಿಂದೆ 25ಕ್ಕೇ ಮುಗಿದರೆ ಮಧ್ಯಾಹ್ನಕ್ಕೆ ಮೊಣಕಾಲು ಮಾತಾಡುತ್ತೆ. ಮಳೆಗಾಲದಲ್ಲಿ ಅಡ್ಡಗಾಳಿಗೆ ಎತ್ತರದ ರಿಮ್ ಹಾಕಬೇಡಿ. ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ.

ಹಳೇಪೇಟೆ_ಪೆಡಲ್:
ಹತ್ತಿ ಉಂಡೆ, ಚಿಮಟ, ಅಡಾಪ್ಟರ್ ಬ್ಯಾಗಿಗೆ ಬಿತ್ತು. 25ರ ಟೈರಿನವರಲ್ಲಿ ಒಬ್ಬರು 82 ಕಿಲೋ, ಅವರಿಗೂ 90ನೇನಾ?

ಮುಳ್ಳುಪಂಕ್ಚರ್:
ಅವರಿಗೆ ಹಿಂದೆ 100, ಮುಂದೆ 92. ಫ್ರೇಮಿನಲ್ಲಿ ಜಾಗ ಇದ್ದರೆ 28ರ ಟೈರ್ ಹಾಕಿಸಿಬಿಡಿ, 85ರ ಒತ್ತಡ ಸಾಕಾಗುತ್ತೆ. ಹಾಕಿಸಿದ ಮೇಲೆ ಬ್ರೇಕ್ ಕೆಳಗೆ ಚಕ್ರ ಉಜ್ಜದೆ ತಿರುಗುತ್ತಾ ಅಂತ ಹಿಂದಿನ ದಿನವೇ ನೋಡಿ.