ಎಲಿಫೆಂಟ್ ನೋಸ್ ಮೀನು ಕಮ್ಯುನಿಟಿ ಟ್ಯಾಂಕಿಗೆ (ಹಲವು ಜಾತಿ ಮೀನು ಒಟ್ಟಿಗಿರೋ ಟ್ಯಾಂಕಿಗೆ) ಹೊಂದುತ್ತಾ?

ಬೆಣ್ಣೆನಗರಿ_ಅಕ್ವಾ, ದಾವಣಗೆರೆ:
ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಒಳಗಿರೋ ಮೀನು: ಟೈಗರ್ ಬಾರ್ಬ್ 6, ಏಂಜೆಲ್ 2, ಕ್ಲೌನ್ ಲೋಚ್ 3, ಬ್ಲ್ಯಾಕ್ ಘೋಸ್ಟ್ 1. ತಳಕ್ಕೆ ದಪ್ಪ ಜಲ್ಲಿ. ನೀರು ಸಂಪಿನದು. ನಲ್ಲಿ ಬಂದ ದಿನ ಪಾಲಿಕೆ ನೀರು, ಇಲ್ಲದಿದ್ದರೆ ಬೋರ್. ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 350ರಿಂದ 1100ರವರೆಗೆ ಏರಿಳಿಯುತ್ತೆ. ಎಲಿಫೆಂಟ್ ನೋಸ್ ಜೋಡಿ ತರೋಣ ಅಂತಿದ್ದೇನೆ. ಏನೇನು ಬದಲಿಸಬೇಕು?

ಕಲ್ಲಿನಕೋಟೆ_ಟ್ಯಾಂಕ್, ಚಿತ್ರದುರ್ಗ:
ಜೋಡಿ ಬ್ಯಾಡ್ರಿ. ಎರಡೇ ಇದ್ದರೆ ಬಲವಾದದ್ದು ಇನ್ನೊಂದನ್ನು ಮೂಲೆಗೆ ಒತ್ತಿ ಉಪವಾಸ ಕೆಡವುತ್ತೆ. ಒಂದು ಸಾಕಿ, ಇಲ್ಲವೇ ಐದಾರು ಸಾಕಿ. ಐದಾರಕ್ಕೆ ನಿಮ್ಮ ಸುಮಾರು 250 ಲೀಟರ್ ಸಾಲದು. ಬಾಲದ ಬುಡದಲ್ಲಿರೋ ಅಂಗದಿಂದ ಸಣ್ಣ ವಿದ್ಯುತ್ ಮಿಡಿತ ಬಿಡುತ್ತಾ ಕತ್ತಲಲ್ಲಿ ದಾರಿ, ಹುಳ ಎರಡನ್ನೂ ಹುಡುಕೋ ಮೀನು ಇದು. ಬ್ಲ್ಯಾಕ್ ಘೋಸ್ಟ್ ಕೂಡ ವಿದ್ಯುತ್ ಮೀನೇ, ಇಬ್ಬರನ್ನೂ ಒಂದೇ ಟ್ಯಾಂಕಿಗೆ ಬಿಡಬೇಡಿ. ಟೈಗರ್ ಬಾರ್ಬ್ ರೆಕ್ಕೆ ಕಚ್ಚುತ್ತೆ, ಅದನ್ನೂ ತೆಗೀರಿ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತೊಂದರೆ ಲೋಚ್. ಜಗಳ ಆಡಲ್ಲ, ಆದರೆ ತಳದ ಹುಳವನ್ನೆಲ್ಲ ಎಲಿಫೆಂಟ್ ನೋಸ್‌ಗಿಂತ ಮೊದಲೇ ಮುಗಿಸುತ್ತೆ. ಏಂಜೆಲ್ ಶಾಂತವಾಗಿದ್ದರೆ ಇರಲಿ. ಬಾರ್ಬ್ ಜಾಗಕ್ಕೆ ಕಾಂಗೋ ಟೆಟ್ರಾ ಒಳ್ಳೆಯದು.

ಜಲ್ಲಿ ಪೂರ್ತಿ ತೆಗೀರಿ. ಸೊಂಡಿಲಿನಂತೆ ಕಾಣೋ ಗದ್ದದಿಂದ ಎಲಿಫೆಂಟ್ ನೋಸ್ ತಳ ಕೆದಕುತ್ತೆ. ಗದ್ದ ಗಾಯವಾದರೆ ಊಟ ಹುಡುಕೋದೇ ನಿಲ್ಲುತ್ತೆ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಅಂಚು ಚೂಪು, ಅದೂ ಬೇಡ. ನುಣುಪಾದ ಹೊಳೆ ಮರಳನ್ನು ಸೊಳ್ಳೆ ಪರದೆಯಲ್ಲಿ ಜರಡಿ ಹಿಡಿದು, ತಿಳಿನೀರು ಬರೋವರೆಗೆ ತೊಳೆದು ಎರಡು ಇಂಚು ಹಾಕಿ. ಮೊದಲು ಒಂದು ಹಿಡಿಗೆ ವಿನೆಗರ್ ಸುರಿದು ನೋಡಿ. ನೊರೆ ಬಂದರೆ ಸುಣ್ಣದಂಶ ಇದೆ, ನೀರಿನ ಗಡಸು ಏರುತ್ತೆ. ಅಡಗಲು ಎರಡೂವರೆ ಇಂಚಿನ ಪಿವಿಸಿ ಪೈಪಿನ ತುಂಡು ಸಾಕು. ಮುಚ್ಚಳದಲ್ಲಿ ಪೈಪ್ ಹೋಗೋ ಸಂದನ್ನೂ ಸ್ಪಾಂಜಿನಿಂದ ಮುಚ್ಚಿ, ಇದು ಹಾರೋ ಮೀನು.

ಸೂಳೆಕೆರೆ_ನೀರು:
ಮೊದಲು ನೀರು ಸರಿಮಾಡ್ಕೊಳ್ರಿ, ಮೀನು ಆಮೇಲೆ. ಪಿಎಚ್ 6.5ರಿಂದ 7.5, ಉಷ್ಣಾಂಶ 24ರಿಂದ 28 ಡಿಗ್ರಿ ಸಾಕು. ಕೊಲ್ಲೋದು ಏರಿಳಿತ. ಸಂಪಿನಿಂದ ನೇರ ಹಾಕಬೇಡಿ. ಬೇರೆ ಡ್ರಮ್ಮಿನಲ್ಲಿ ಮೂರು ಪಾಲು ಆರ್‌ಒ ಫಿಲ್ಟರಿನ ನೀರು, ಒಂದು ಪಾಲು ಬೋರ್ ನೀರು ಬೆರೆಸಿದರೆ ಟಿಡಿಎಸ್ 1100ರಿಂದ ಇಳಿದು 300ರ ಆಸುಪಾಸಿಗೆ ಬರುತ್ತೆ. ನಲ್ಲಿ ನೀರಾದರೆ ಆಂಟಿ-ಕ್ಲೋರಿನ್ ಹಾಕಿ, ಒಂದು ದಿನ ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡೋ ಕಲ್ಲು) ಓಡಿಸಿ. ವಾರಕ್ಕೆ 20 ಪರ್ಸೆಂಟ್ ಬದಲಾವಣೆ, ಪ್ರತಿಸಲ ಟಿಡಿಎಸ್ ಮೀಟರ್ ನೋಡಿ.

ಏಪ್ರಿಲ್-ಮೇ ಬಿಸಿಲಿಗೆ ನೀರು 32 ಮುಟ್ಟುತ್ತೆ, ಬಿಸಿ ಏರಿದಷ್ಟೂ ಆಮ್ಲಜನಕ ಕಡಿಮೆ. ಈ ಮೀನಿನ ಮೆದುಳೊಂದೇ ದೇಹ ಬಳಸೋ ಆಮ್ಲಜನಕದ ಸುಮಾರು 60 ಪರ್ಸೆಂಟ್ ಎಳೆಯುತ್ತೆ, ಹಾಗಾಗಿ ಉಳಿದವು ತಡೆದುಕೊಂಡರೂ ಇದು ಮೊದಲು ಬೀಳುತ್ತೆ. ಮುಚ್ಚಳದ ಬದಲು ಜಾಲರಿ ಹಾಕಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿಸಿ. ನಮ್ಮ ಒಣಹವೆಗೆ ಎರಡು-ಮೂರು ಡಿಗ್ರಿ ಇಳಿಯುತ್ತೆ. ಆರಿದ ನೀರಿಗೆ ಬರೀ ಆರ್‌ಒ ತುಂಬಿ. ಬೋರ್ ತುಂಬಿದರೆ ಲವಣ ಕೂಡುತ್ತಾ ಹೋಗುತ್ತೆ. ಕರೆಂಟ್ ಹೋದಾಗ ಬ್ಯಾಟರಿ ಏರ್‌ಪಂಪ್ ಇರಲೇಬೇಕು. ಕ್ಯಾನಿಸ್ಟರ್ ಫಿಲ್ಟರ್ (ಹೊರಗಿಡೋ ಡಬ್ಬಿ ಫಿಲ್ಟರ್) ಗಂಟೆಗಟ್ಟಲೆ ನಿಂತಿದ್ದರೆ ಒಳಗಿನ ಕೊಳೆತ ನೀರು ಚೆಲ್ಲಿಯೇ ಶುರು ಮಾಡಿ.

ಬೆಣ್ಣೆನಗರಿ_ಅಕ್ವಾ:
ಪೆಲೆಟ್ ತಿನ್ನುತ್ತಾ? ಬಿಳಿ ಚುಕ್ಕೆ ರೋಗ ಬಂದರೆ ಯಾವ ಔಷಧಿ?

ಕಲ್ಲಿನಕೋಟೆ_ಟ್ಯಾಂಕ್:
ಪೆಲೆಟ್ ನಂಬಬೇಡಿ. ಫ್ರೋಜನ್ ಬ್ಲಡ್‌ವರ್ಮ್ ಮುಖ್ಯ, ನಡುನಡುವೆ ಸಣ್ಣಗೆ ಕತ್ತರಿಸಿದ ಎರೆಹುಳ. ಚರಂಡಿಯ ಟ್ಯೂಬಿಫೆಕ್ಸ್ ಹುಳ ರೋಗ ತರುತ್ತೆ. ಲೈಟ್ ಆರಿಸೋ ಮೊದಲು ಟೆಟ್ರಾಗಳಿಗೆ ಒಂದು ತುದಿಯಲ್ಲಿ ಹೊಟ್ಟೆ ತುಂಬಾ ಹಾಕಿ. ಅರ್ಧ ಗಂಟೆ ಬಿಟ್ಟು, ಕತ್ತಲಲ್ಲಿ, ಉದ್ದನೆಯ ಪೈಪೆಟ್‌ನಿಂದ ಹುಳವನ್ನು ಎಲಿಫೆಂಟ್ ನೋಸ್ ಅಡಗೋ ಪಿವಿಸಿ ಪೈಪಿನ ಬಾಯಿಗೇ ಬಿಡಿ. ತಲೆಯ ಹಿಂದೆ ಬೆನ್ನು ಕುಗ್ಗಿ ಹೊಟ್ಟೆ ಒಳಗೆ ಹೋಗಿದ್ದರೆ ಹಸಿವು, ಅಂಥ ಮೀನನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಕೊಳ್ಳೋ ಮುಂಚೆ ನಿಮ್ಮೆದುರೇ ತಿನ್ನಿಸಿ ತೋರಿಸಲಿ.

ಚುಕ್ಕೆಗೆ ತಾಮ್ರ, ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್, ಉಪ್ಪು ಯಾವುದೂ ಇದಕ್ಕೆ ಒಗ್ಗಲ್ಲ. ದಿನಕ್ಕೆ ಒಂದೊಂದೇ ಡಿಗ್ರಿಯಂತೆ 30ಕ್ಕೆ ಏರಿಸಿ, ಏರ್‌ಸ್ಟೋನ್ ಎರಡು ಹಾಕಿ, ದಿನ ಬಿಟ್ಟು ದಿನ ಮರಳಿನ ಮೇಲ್ಪದರದ ಕೊಳೆಯನ್ನು ಸೈಫನ್ ಮಾಡಿ (ಪೈಪಿನಿಂದ ಹೀರಿ ತೆಗೀರಿ). ಹೊಸ ಟೆಟ್ರಾಗಳನ್ನು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿಟ್ಟು, ಔಷಧಿ ಏನಿದ್ದರೂ ಅಲ್ಲೇ ಮುಗಿಸಿ.