ಜೋಡಿ ಒಂಬತ್ತು, ಮೂರನೇ ಸ್ಥಾನ: 412 ಟೂರ್ನಿಗಳ ಲೆಕ್ಕ ಏನು ಹೇಳುತ್ತದೆ?

ನೇರಳೆ ಮಾರ್ಗ:
ಹಣ ಕಟ್ಟಿ ಆಡುವ ಆನ್‌ಲೈನ್ ಪೋಕರ್‌ಗೆ ಕೇಂದ್ರದ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿದಂದಿನಿಂದ ನನ್ನ ಎಕ್ಸೆಲ್ ಹಾಳೆ ಮುಚ್ಚಿಯೇ ಇತ್ತು. ಮೊನ್ನೆ ತೆರೆದು ಕೂಡಿಸಿ ನೋಡಿದೆ. 2023ರ ಜನವರಿಯಿಂದ 412 ಟೂರ್ನಿ. ಪ್ರವೇಶ ತಲಾ 110 ರೂಪಾಯಿ: 100 ಬಹುಮಾನಕ್ಕೆ, 10 ಆಡಿಸುವವರಿಗೆ. ಕಟ್ಟಿದ್ದು 45,320, ಬಂದದ್ದು 38,500. ನಷ್ಟ 6,820.

ಹಣಕ್ಕಿಂತ ಒಂದು ಕೈ ಇನ್ನೂ ಚುಚ್ಚುತ್ತಿದೆ. ಸುಮಾರು 150 ಜನರ ಟೂರ್ನಿಯಲ್ಲಿ ಮೂವರು ಉಳಿದಿದ್ದೆವು. ಮೂವರ ಬಳಿಯೂ ಸಮ ಚಿಪ್ಸು, ಹದಿನೈದು ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯ ಮೇಲೆ ಕಟ್ಟಬೇಕಾದ ಪಣ; ಸ್ಮಾಲ್ ಬ್ಲೈಂಡ್ ಅದರ ಅರ್ಧ). ಬಹುಮಾನ 3,300, 2,300, 1,600. ಬಟನ್‌ನಲ್ಲಿದ್ದವನು, ಅಂದರೆ ಎಲೆ ಹಂಚುವ ಸರದಿಯವನು, ಆಲ್ ಇನ್ ಎಂದು ಇದ್ದ ಚಿಪ್ಸನ್ನೆಲ್ಲ ಕಟ್ಟಿದ. ಬಿಗ್ ಬ್ಲೈಂಡ್ ಕಟ್ಟಿದ್ದ ನನ್ನ ಬಳಿ ಜೋಡಿ ಒಂಬತ್ತು, ಕಾಲ್ ಮಾಡಿದೆ, ಅಂದರೆ ನಾನೂ ಅಷ್ಟೇ ಕಟ್ಟಿದೆ. ಅವನದು ಎಕ್ಕ-ರಾಜ. ನಡುವೆ ತೆರೆಯುವ, ಎಲ್ಲರಿಗೂ ಸೇರಿದ ಐದು ಎಲೆಗಳಲ್ಲಿ ನಾಲ್ಕು ಬಿದ್ದರೂ ಅವನಿಗೆ ಏನೂ ಕೂಡಲಿಲ್ಲ. ಉಳಿದ 44 ಎಲೆಗಳಲ್ಲಿ ಅವನನ್ನು ಉಳಿಸುವಂಥವು ಆರೇ ಆರು. ಬಂದದ್ದು ರಾಜ. ಇದು ಬರೀ ದುರದೃಷ್ಟವೋ, ನನ್ನ ಆಟದಲ್ಲೇ ಹುಳುಕಿದೆಯೋ?

ಕಡ್ಡಿ ಮುರಿದಂತೆ:
ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈಗ ಆ ಡೊಂಕಿಗೆ ವೇರಿಯನ್ಸ್ (ಅದೃಷ್ಟದ ಏರಿಳಿತ) ಎಂಬ ಹೆಸರು ಸಿಕ್ಕಿದೆ, ಅಷ್ಟೇ ವ್ಯತ್ಯಾಸ. ಎರಡೂವರೆ ವರ್ಷ ಆಡಿ ಕಳೆದುಕೊಂಡಿದ್ದೀರಿ ಎಂದರೆ ನೀವು ಸೋಲುವ ಆಟಗಾರ. ಮುಗಿಯಿತು.

ಸರಾಸರಿ ಮೇಡಂ:
ಮುಗಿಯಲಿಲ್ಲ. ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವಳು, ಆದ್ದರಿಂದ ಸ್ವಲ್ಪ ಸಹಿಸಿಕೊಳ್ಳಿ. ಮೊದಲು 6,820ರಲ್ಲಿ 412 ಹತ್ತು ರೂಪಾಯಿಗಳನ್ನು ಕಳೆಯಿರಿ. 4,120 ಆಡಿಸಿದವರ ಕೂಲಿಗೇ ಹೋಯಿತು. ಉಳಿದದ್ದು 2,700. ಒಂದೇ ಒಂದು ಮೊದಲ ಬಹುಮಾನಕ್ಕಿಂತ ಕಡಿಮೆ!

ನೂರೈವತ್ತು ಜನರ ಟೂರ್ನಿಯಲ್ಲಿ ಬಹುತೇಕ ಸಲ ಬರಿಗೈ, ಅಪರೂಪಕ್ಕೆ ಪ್ರವೇಶ ಶುಲ್ಕದ ಮೂವತ್ತು ಪಟ್ಟು. ಇಂಥ ಹಂಚಿಕೆಯಲ್ಲಿ ಒಂದು ಟೂರ್ನಿಯ ವಿಚಲನೆ, ಅಂದರೆ ಫಲಿತಾಂಶ ಸರಾಸರಿಯಿಂದ ಸರಿಯುವ ಅಳತೆ, ಸುಮಾರು ಮೂರೂವರೆ ಶುಲ್ಕ. ಟೂರ್ನಿಗಳು ಹೆಚ್ಚಿದಂತೆ ಅದು ಅವುಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. 412ರ ವರ್ಗಮೂಲ ಇಪ್ಪತ್ತು ಚಿಲ್ಲರೆ. ಗುಣಿಸಿದರೆ ಎಪ್ಪತ್ತು ಶುಲ್ಕ, ಅಂದರೆ ಏಳೂಮುಕ್ಕಾಲು ಸಾವಿರ ರೂಪಾಯಿ ಆ ಕಡೆಗೋ ಈ ಕಡೆಗೋ ಸರಿಯುವುದು ಮಾಮೂಲು. ನೂರಕ್ಕೆ ಹತ್ತು ಗಳಿಸುವ ಒಳ್ಳೆಯ ಆಟಗಾರನೂ 412 ಟೂರ್ನಿಗಳ ಕೊನೆಗೆ ನಷ್ಟದಲ್ಲಿ ನಿಲ್ಲುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ನೀವು ಒಳ್ಳೆಯವರು ಎಂದು ನಾನು ಹೇಳುತ್ತಿಲ್ಲ. ಈ ಹಾಳೆ ಎರಡನ್ನೂ ಹೇಳುವುದಿಲ್ಲ ಎನ್ನುತ್ತಿದ್ದೇನೆ.

ಹಳೇ ಇಸ್ಪೀಟು:
ಇಷ್ಟೆಲ್ಲ ವರ್ಗಮೂಲ ಯಾಕೆ? ಧರ್ಮರಾಯನಿಗೆ ವೇರಿಯನ್ಸ್ ಇತ್ತೇ? ಪಗಡೆಯೇ ಶಕುನಿಯದಾಗಿತ್ತು. ಆ ಸಾಫ್ಟ್‌ವೇರ್‌ಗಳಲ್ಲಿ ಕೊನೆಯ ಎಲೆ ಯಾವಾಗಲೂ ಹಾಗೆಯೇ ಬರುತ್ತಿತ್ತು.

ಕೊನೇ ಬೆಂಚು:
ರಾಯರೇ, ಎದುರು ಕುಳಿತು ಆಡಿದರೆ ಗಂಟೆಗೆ ಮೂವತ್ತು ಕೈ, ಮೊಬೈಲ್‌ನಲ್ಲಿ ಅದರ ದುಪ್ಪಟ್ಟು. ಆರು ಎಲೆಯ ಪವಾಡ ಏಳು ಸಲಕ್ಕೊಮ್ಮೆ ಆಗಲೇಬೇಕು. ನೀವು ಅದನ್ನು ಎರಡರಷ್ಟು ವೇಗದಲ್ಲಿ ನೋಡಿದಿರಿ. ಗೆದ್ದ ಆರು ಸಲ ಯಾರಿಗೂ ನೆನಪಿರುವುದಿಲ್ಲ.

ಸರಾಸರಿ ಮೇಡಂ:
ಇನ್ನು ಆ ಕೈ. ಕೊನೆಯ ಎಲೆಯ ರಾಜನನ್ನು ಮರೆತುಬಿಡಿ. ಅಲ್ಲಿ ನೋಡಬೇಕಾದದ್ದು ಚಿಪ್ಸಿನ ಬೆಲೆ. ಮೂವರೂ ಸಮ ಎಂದರೆ ನಿಮ್ಮ ಪಾಲು 7,200ರ ಮೂರನೇ ಒಂದು, 2,400. ಕಾಲ್ ಮಾಡಿ ಸೋತರೆ 1,600. ಗೆದ್ದರೆ ಚಿಪ್ಸು ಎರಡರಷ್ಟಾಗುತ್ತದೆ, ಆದರೆ ಹಣ ಎರಡರಷ್ಟಾಗುವುದಿಲ್ಲ. ಮೂರರಲ್ಲಿ ಎರಡು ಪಾಲು ಚಿಪ್ಸು ನಿಮ್ಮದಾದ್ದರಿಂದ ಮೂರರಲ್ಲಿ ಎರಡು ಸಲ ಮೊದಲ ಸ್ಥಾನ, ಒಂದು ಸಲ ಎರಡನೆಯದು, ಬೆಲೆ 2,967. ಕಳೆದುಕೊಳ್ಳುವುದು 800, ಗಳಿಸುವುದು 567. ಹಾಗಾಗಿ 58.5 ಪ್ರತಿಶತ ಗೆಲ್ಲುವ ಕೈ ಬೇಕಿತ್ತು. ಎಕ್ಕ-ರಾಜನ ಎದುರು ಜೋಡಿ ಒಂಬತ್ತು ಗೆಲ್ಲುವುದು ಹೆಚ್ಚೆಂದರೆ 55. ಅವನು ಎಲೆ ತೆರೆದು ತೋರಿಸಿದ್ದರೂ ನೀವು ನಿಮ್ಮದನ್ನು ಎಸೆಯಬೇಕಿತ್ತು.

ಕೊನೇ ಬೆಂಚು:
ಮೇಡಂ, ಒಂದು ತಿದ್ದುಪಡಿ. ಅವರು ಬಿಗ್ ಬ್ಲೈಂಡ್‌ನಲ್ಲಿದ್ದರು, ಒಂದು ಬ್ಲೈಂಡ್ ಆಗಲೇ ನಡುವೆ ಬಿದ್ದಿತ್ತು. ಎಸೆದರೂ ಅದು ವಾಪಸು ಬರುವುದಿಲ್ಲ. ಮೇಲಿನಿಂದ ಸ್ಮಾಲ್ ಬ್ಲೈಂಡ್‌ನವನು ಬಿಟ್ಟುಹೋದ ಅರ್ಧ ಬ್ಲೈಂಡೂ ಇದೆ. ಅದನ್ನೆಲ್ಲ ಸೇರಿಸಿದರೆ ನಿಮ್ಮ 58.5 ಇಳಿದು 55ಕ್ಕೆ ಬರುತ್ತದೆ. ಎಕ್ಕ-ರಾಜನ ಎದುರು ಅದು ತಕ್ಕಡಿ ಸಮ.

ಆದರೆ ಅವನು ಎಲೆ ತೋರಿಸಿರಲಿಲ್ಲವಲ್ಲ. ಯಾವುದೇ ಎಕ್ಕ, ಯಾವುದೇ ಜೋಡಿ, ಎರಡು ದೊಡ್ಡ ಎಲೆ ಬಂದರೂ ಚಿಪ್ಸನ್ನೆಲ್ಲ ತಳ್ಳುವ ಮನುಷ್ಯನಾಗಿದ್ದರೆ ಜೋಡಿ ಒಂಬತ್ತು ಅರವತ್ತರ ಹತ್ತಿರ ನಿಲ್ಲುತ್ತದೆ, ಕಣ್ಣು ಮುಚ್ಚಿ ಕಾಲ್. ಏಳರ ಜೋಡಿಗಿಂತ ಕೆಳಗಿನದನ್ನೂ ಎಕ್ಕ-ಹತ್ತಕ್ಕಿಂತ ಕೆಳಗಿನದನ್ನೂ ಮುಟ್ಟದ ಬಿಗಿಮುಷ್ಟಿಯವನಾದರೆ ಐವತ್ತೂ ಇಲ್ಲ. ನೇರಳೆ ಮಾರ್ಗ ಅವರೇ, ಅವನು ಎಂಥವನು?

ನೇರಳೆ ಮಾರ್ಗ:
ನೆನಪಿಲ್ಲ.

ಕೊನೇ ಬೆಂಚು:
ರಾಜ ಬಿದ್ದದ್ದು ನೆನಪಿದೆ, ತಳ್ಳಿದವನು ನೆನಪಿಲ್ಲ! ಹಾಳೆಯಲ್ಲಿ ಅದಕ್ಕೊಂದು ಕಂಬಸಾಲು ಇದೆಯೇ? ಬಂದ ಹಣ ಬರೆದಿದ್ದೀರಿ, ಯಾಕೆ ಕಾಲ್ ಮಾಡಿದಿರಿ ಎಂದು ಬರೆದಿಲ್ಲ. ಮೇಡಂ ಹೇಳಿದ ಹಾಗೆ ಹಣದ ಸಾಲು ಸಾವಿರಾರು ಟೂರ್ನಿ ಆಗುವ ತನಕ ಮೂಗನೇ. ಕಾರಣದ ಸಾಲು ಹತ್ತು ಕೈಗಳಲ್ಲೇ ಮಾತಾಡುತ್ತದೆ.

ಗಾಂಧಿಬಜಾರ್ ಲೆಕ್ಕಿಗ:
ತೆರಿಗೆಯನ್ನು ಎಲ್ಲರೂ ಮರೆತಿರಿ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿಗೆ 30 ಪ್ರತಿಶತ ಟಿಡಿಎಸ್, ಅಕ್ಟೋಬರ್‌ನಿಂದ ಕಟ್ಟುವ ಹಣದ ಮೇಲೆ 28 ಪ್ರತಿಶತ ಜಿಎಸ್‌ಟಿ. ಬೋನಸ್ ಕೊಟ್ಟು ಮರೆಮಾಡದಿದ್ದರೆ ನೂರು ರೂಪಾಯಿ ಹಾಕಿದವನ ಕೈಗೆ ಸಿಗುತ್ತಿದ್ದದ್ದು 78ರ ಚಿಪ್ಸು. ನೂರಕ್ಕೆ ಹತ್ತು ಗಳಿಸುವವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ರಾಜ್ಯ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿದಾಗ ಕುಣಿದಾಡಿದವರಲ್ಲಿ ನಾನೂ ಒಬ್ಬ. ಎಷ್ಟು ದಿನದ ಕುಣಿತ ಅದು!

ಕಡ್ಡಿ ಮುರಿದಂತೆ:
ನೇರಳೆ ಮಾರ್ಗ ಎಂಬ ಹೆಸರು ಯಾಕೆ? ಮೆಟ್ರೊದಲ್ಲಿ ಕುಳಿತು ಆಡುತ್ತಿದ್ದಿರೇ?

ನೇರಳೆ ಮಾರ್ಗ:
ಹೌದು. ಇಂದಿರಾನಗರದಿಂದ ವಿಜಯನಗರಕ್ಕೆ, ಏಳು ಗಂಟೆಯ ಟೂರ್ನಿ. ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್ ದಾಟುವ ತನಕ ರೈಲು ನೆಲದಡಿ. ಮೊಬೈಲ್‌ನಲ್ಲಿ ಆ ಚಕ್ರ ತಿರುಗುತ್ತಲೇ ಇರುತ್ತಿತ್ತು, ಸಿಗ್ನಲ್ ಬರುವಷ್ಟರಲ್ಲಿ ನನ್ನ ಎಲೆಗಳು ತಾವಾಗಿಯೇ ಹೋಗಿರುತ್ತಿದ್ದವು. ಒಮ್ಮೆ ವಿಧಾನಸೌಧದ ಬಳಿ ಜೋಡಿ ರಾಣಿಯನ್ನು ಕಂಡೆ, ಮಾಗಡಿ ರಸ್ತೆಯಲ್ಲಿ ಮೇಲೆ ಬಂದಾಗ ರಾಣಿಯೂ ಇಲ್ಲ, ಬ್ಲೈಂಡೂ ಇಲ್ಲ. ನೀವು ಕೇಳಿದ ಮೇಲೆ ಹಾಳೆಯನ್ನು ಸಮಯದ ಪ್ರಕಾರ ಜೋಡಿಸಿದೆ. ಮೆಟ್ರೊದಲ್ಲಿ ಶುರುವಾದವು 131. ಅವುಗಳಲ್ಲೇ 4,900 ನಷ್ಟ! ಮನೆಯಲ್ಲಿ ಆಡಿದ 281ರಲ್ಲಿ 1,920 ಮಾತ್ರ. ಕೊನೆಗೂ ಹುಳುಕು ಸಿಕ್ಕಿತು.

ಸರಾಸರಿ ಮೇಡಂ:
ಸಂತೋಷಕ್ಕೆ ತಣ್ಣೀರು ಎರಚುತ್ತಿದ್ದೇನೆ, ಕ್ಷಮಿಸಿ. 131 ಟೂರ್ನಿಗಳಲ್ಲಿ ನಾಲ್ಕು ಸಾವಿರದ ನಾನೂರು ಆಚೀಚೆ ಆಗುವುದು ಮಾಮೂಲು. ನಿಮ್ಮ ಒಟ್ಟು ಸರಾಸರಿಯ ಪ್ರಕಾರವೇ 131ಕ್ಕೆ ಸುಮಾರು 2,170 ನಷ್ಟ ಬರುತ್ತದೆ; 4,900ಕ್ಕೂ ಅದಕ್ಕೂ ಇರುವ ವ್ಯತ್ಯಾಸ ಆ ಮಾಮೂಲಿನೊಳಗೇ ಇದೆ. ಆದರೆ ಜೋಡಿ ರಾಣಿಯನ್ನು ಸುರಂಗದಲ್ಲಿ ಬಿಟ್ಟುಬರುವುದು ತಪ್ಪು ಎನ್ನಲು ಯಾವ ವರ್ಗಮೂಲವೂ ಬೇಕಿಲ್ಲ.

ಹಳೇ ಇಸ್ಪೀಟು:
ಶನಿವಾರ ಸಂಜೆ ರಾಜಾಜಿನಗರದ ನಮ್ಮ ಮನೆಯಲ್ಲಿ ಬರೀ ಚಿಪ್ಸಿನ ಆಟ. ಕಾಸಿಲ್ಲ, ಕಾಫಿ ಇದೆ. ನೇರಳೆ ಮಾರ್ಗ ಅವರು ಬರುವುದಾದರೆ ಯಾಕೆ ಕಾಲ್ ಮಾಡಿದಿರಿ ಎಂದು ಬರೆಯಲು ಒಂದು ನೋಟ್‌ಬುಕ್ ತರಲಿ. ಎಲೆ ನನ್ನವೇ, ಕಲಸುವವರು ಬೇರೆ ಯಾರಾದರೂ ಆಗಲಿ.