ಮೈಮೊನಿಡಿಸ್ ತಾವು ಬರೆದ ನಿಯಮವನ್ನೇ ಮೀರಿದರೇ?

ಹಳೇಪುಸ್ತಕ:
ಮೋಶೆ ಬೆನ್ ಮೈಮೋನ್, ಅಂದರೆ ಮೈಮೊನಿಡಿಸ್, 12ನೇ ಶತಮಾನದ ಯಹೂದಿ ತತ್ವಜ್ಞಾನಿ. ಹುಟ್ಟಿದ್ದು ಸ್ಪೇನಿನ ಕಾರ್ಡೊಬಾದಲ್ಲಿ. ಯಹೂದಿಗಳನ್ನು ಸಹಿಸದ ಅಲ್ಮೊಹದ್ ರಾಜವಂಶದ ಆಳ್ವಿಕೆ ಬಂದಮೇಲೆ ಊರು ಬಿಟ್ಟು, ಮೊರಾಕ್ಕೊದ ಫೆಸ್‌ನಲ್ಲಿದ್ದು, ಕೊನೆಗೆ ಈಜಿಪ್ಟಿನ ಫುಸ್ತಾತ್‌ನಲ್ಲಿ ನೆಲೆ ನಿಂತರು. ಅವರ 'ಮಿಶ್ನೆ ತೋರಾ' 14 ಭಾಗಗಳ ಧರ್ಮಶಾಸ್ತ್ರ. ಅದರಲ್ಲಿ ಶೋಕಕ್ಕೂ ಲೆಕ್ಕ ಇದೆ: 3 ದಿನ ಅಳು, 7 ದಿನ ಸತ್ತವರ ಗುಣಗಾನ, 30 ದಿನ ಕೂದಲು ಕತ್ತರಿಸುವಂತಿಲ್ಲ. ಇದಕ್ಕಿಂತ ಜಾಸ್ತಿ ದುಃಖಪಡುವವನು ಮೂರ್ಖ ಎಂದೇ ಬರೆದಿದ್ದಾರೆ. ಆದರೆ ತಮ್ಮನಾದ ಡೇವಿಡ್ ಸತ್ತಾಗ ಅವರೇ ಸುಮಾರು ಒಂದು ವರ್ಷ ಜ್ವರದಲ್ಲಿ ಹಾಸಿಗೆ ಹಿಡಿದರು. ಹೇಳುವುದು ಒಂದು, ಬದುಕುವುದು ಒಂದು ಆಯಿತಲ್ವಾ?

ನೇತ್ರಾವತಿ_ದಂಡೆ:
ಡೇವಿಡ್ ಹೇಗೆ ಸತ್ತರು ಅಂತ ಹೇಳದೆ ಈ ಪ್ರಶ್ನೆ ಕೇಳಬಾರದು. ಅವರು ರತ್ನದ ವ್ಯಾಪಾರಿ. ಕೆಂಪು ಸಮುದ್ರದ ಐಧಾಬ್ ಬಂದರಿನಿಂದ ಅಣ್ಣನಿಗೆ ಬರೆದ ಪತ್ರ ಇವತ್ತಿಗೂ ಉಳಿದಿದೆ. ಅಲ್ಲಿ ಕೊಳ್ಳುವಂಥದ್ದು ಬಟ್ಟೆಗೆ ಹಾಕುವ ನೀಲಿ ಬಣ್ಣ (ಇಂಡಿಗೊ) ಬಿಟ್ಟು ಏನೂ ಸಿಗಲಿಲ್ಲ, ಹಾಗಾಗಿ ಭಾರತಕ್ಕೆ ಹೊರಟೆ ಅಂತ ಬರೆದಿದ್ದಾರೆ. ನಮ್ಮ ಕಡೆಯ ಹಿಂದೂ ಮಹಾಸಾಗರದಲ್ಲೇ ಮುಳುಗಿಹೋದರು. ಆ ಪತ್ರ ಸಿಕ್ಕ ಕೈರೋದ ಗೆನಿಜಾ (ಯಹೂದಿಗಳು ಹಳೆಯ ಕಾಗದ ಹಾಕಿಡುತ್ತಿದ್ದ ಕೋಣೆ) ಸಂಗ್ರಹದಲ್ಲೇ, ಅದೇ ಶತಮಾನದಲ್ಲಿ ಮಂಗಳೂರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಅಬ್ರಹಾಂ ಬೆನ್ ಯಿಜು ಅವರ ಕಾಗದಗಳೂ ಸಿಕ್ಕಿವೆ. ಅದಕ್ಕೇ ಡೇವಿಡ್ ನನಗೆ ದೂರದವರು ಅನ್ನಿಸುವುದಿಲ್ಲ.

ಹಳೇಪುಸ್ತಕ:
ಸರಿ, ಸಾವು ಘೋರವೇ. ಆದರೆ ನಿಯಮ ಅಂಥ ಸಾವಿಗೇ ಅಲ್ಲವೇ ಬೇಕಾಗುವುದು? ಪ್ರವಾದಿ ಮೋಶೆಗೇ ಜನ 30 ದಿನ ಅತ್ತು ನಿಲ್ಲಿಸಿದರು, ಅವರಿಗಿಂತ ದೊಡ್ಡವರಿಲ್ಲ, ಹಾಗಾಗಿ ಎಂಥ ಪಂಡಿತನಿಗೂ 30ಕ್ಕಿಂತ ಹೆಚ್ಚು ಬೇಡ ಅಂತ ಅದೇ ಅಧ್ಯಾಯ ಹೇಳುತ್ತದೆ. ಇಲ್ಲಿ ವಿನಾಯಿತಿ ಎಲ್ಲಿದೆ?

ರಾತ್ರಿಪಾಳಿ:
ನನ್ನ ಅಕ್ಕ ಹೋಗಿ ನಾಲ್ಕು ವರ್ಷ. 'ಮೂರ್ಖ' ಅನ್ನುವ ಸಾಲು ಓದಿ ನನಗೂ ಸಿಟ್ಟು ಬಂದಿತ್ತು. ಆಮೇಲೆ ಆಕ್ರೆಯ (ಈಗಿನ ಇಸ್ರೇಲಿನ ಬಂದರು ಊರು) ಸ್ನೇಹಿತರೊಬ್ಬರಿಗೆ ಮೈಮೊನಿಡಿಸ್ ಬರೆದ ಪತ್ರದ ಬಗ್ಗೆ ಓದಿದೆ. ಎಂಟು ವರ್ಷವಾದರೂ ಸಮಾಧಾನವಿಲ್ಲ ಅನ್ನುತ್ತಾರೆ. ಅವನು ನನ್ನ ಮಡಿಲಲ್ಲಿ ಬೆಳೆದವನು, ನನ್ನ ತಮ್ಮ, ನನ್ನ ಶಿಷ್ಯ. ಅವನು ದುಡಿಯುತ್ತಿದ್ದ, ನಾನು ನಿಶ್ಚಿಂತೆಯಿಂದ ಕೂತಿರುತ್ತಿದ್ದೆ. ಅವನ ಕೈಬರಹ ಕಂಡರೆ ಸಾಕು, ದುಃಖ ಮತ್ತೆ ಏಳುತ್ತದೆ. ಪತ್ರದ ಸಾರ ಇಷ್ಟು. ನಿಯಮ ಮರೆತವರ ಮಾತಿನ ಹಾಗೆ ನನಗೆ ಕೇಳಿಸಲಿಲ್ಲ.

ಮೇಷ್ಟ್ರು:
ಹಳೇಪುಸ್ತಕ ಅವರೇ, ಅದೇ ಜಾಗದಲ್ಲಿ ಮುಂದಿನ ಸಾಲು ಓದಿ. ವಿಧಿಸಿದಷ್ಟೂ ಶೋಕಿಸದವನು ಕ್ರೂರಿ ಅಂತಿದೆ. ಎರಡೂ ಕಡೆ ಬೇಲಿ ಹಾಕಿದ್ದಾರೆ. ಇನ್ನೊಂದು, ಮೂರ್ಖ ಅಂದದ್ದು 'ಲೋಕದ ನಡೆ'ಯ ವಿಷಯದಲ್ಲಿ. ಸಾವೇ ಲೋಕದ ನಡೆ. ಅದರ ಜೊತೆ ಜಗಳಕ್ಕೆ ನಿಂತು ತನ್ನನ್ನೇ ಹಿಂಸಿಸಿಕೊಳ್ಳಬೇಡ ಅನ್ನುವುದು ಮಾತು. ಎದೆಯೊಳಗಿನ ನೆನಪಿಗೆ ಯಾರೂ ದಿನ ಗೊತ್ತು ಮಾಡಿಲ್ಲ.

ಹಳೇಪುಸ್ತಕ:
ಬೇಲಿಯ ಮಾತು ಒಪ್ಪಿದೆ, ಆ ಸಾಲು ನಾನು ಬಿಟ್ಟಿದ್ದೆ. ಆದರೆ ಒಂದು ವರ್ಷ ಮಲಗಿದ್ದು ಬರೀ ನೆನಪಲ್ಲ ಸರ್. ಅವರು ನಿಯಮ ಮೀರಿದರು ಅಂತಲೇ ನನ್ನ ಅಭಿಪ್ರಾಯ. ಮೀರಿದ್ದನ್ನು ಮುಚ್ಚಿಡದೆ ಬರೆದರಲ್ಲ, ಅದಕ್ಕೆ ಅವರ ಮೇಲೆ ಗೌರವ ಹೆಚ್ಚಿದೆ.

ನೇತ್ರಾವತಿ_ದಂಡೆ:
ಮಲಗಿದವರು ಎದ್ದ ಮೇಲೆ ಏನು ಮಾಡಿದರು ಅನ್ನುವುದನ್ನೂ ಸೇರಿಸಿ. ಡೇವಿಡ್ ಜೊತೆ ಮನೆಯ ದುಡ್ಡು, ಬೇರೆಯವರ ದುಡ್ಡು ಎಲ್ಲ ಮುಳುಗಿತ್ತು. ತಮ್ಮನ ಹೆಂಡತಿ, ಪುಟ್ಟ ಮಗಳು ಇವರ ಪಾಲಿಗೆ ಉಳಿದರು. ಇವರು ವೈದ್ಯ ವೃತ್ತಿಯಿಂದ ಮನೆ ನಡೆಸಿದರು. 1199ರ ಪತ್ರವೊಂದರಲ್ಲಿ ತಮ್ಮ ದಿನಚರಿ ಬರೆದಿದ್ದಾರೆ: ಬೆಳಿಗ್ಗೆ ಕೈರೋದ ಅರಮನೆಗೆ ಹೋಗಿ, ಮಧ್ಯಾಹ್ನ ಹಸಿದು ಮನೆಗೆ ಬಂದರೆ ಜಗಲಿ ತುಂಬ ರೋಗಿಗಳು. ನಾಲ್ಕು ತುತ್ತು ತಿಂದು ಮತ್ತೆ ಅವರನ್ನು ನೋಡುವುದು. ರಾತ್ರಿಯ ಹೊತ್ತಿಗೆ ಮಾತಾಡಲೂ ಶಕ್ತಿ ಇರುತ್ತಿರಲಿಲ್ಲ.